ಶಿವರಾಜಪ್ಪನವರ ನಾಚಿಕೆ

ಬೀದರ
೮ ಆಗಸ್ಟ್ ೧೯೫೬

ಪೂಜ್ಯ ಮಾವನವರಿಗೆ ವಿಮಲಾಬಾಯಿಯ ಶರಣಾರ್ಥಿಗಳು.

ನಾನು ಕ್ಷೇಮ. ಶ್ರಾವಣ ಬಂದರೂ ನೀವು ಬರಲಿಲ್ಲ. ಮೊದಲ ವರ್ಷವೆಲ್ಲ ತಿಂಗಳಿಗೊಮ್ಮೆ ಭಾಲ್ಕಿಯಲ್ಲಿ ರೈಲು ಹತ್ತಿ ಬಂದು, ದವಾಖಾನೆಯ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತು, ಅತ್ತೆಯವರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಿರಿ. ಈ ಬೇಸಿಗೆಯಿಂದ ರೊಟ್ಟಿಯ ಗಂಟು ಮಾತ್ರ ನಮ್ಮೂರ ಶಾಲೆಯ ಕಾಶೀರಾಮ ಮಾಸ್ತರರ ಕೈಯಲ್ಲಿ ಬರುತ್ತಿದೆ. ನಿಮ್ಮ ಮಗ ತೀರಿಕೊಂಡ ಮೇಲೆ ನನ್ನನ್ನು ಮೂಲೆಯಲ್ಲಿ ಕೂಡಿಸದೆ ನರ್ಸ್ ತರಬೇತಿಗೆ ಕಳಿಸಿದವರು ನೀವು. ಕಲಿತದ್ದನ್ನು ನಿಮಗೆ ಹೇಳದಿದ್ದರೆ ಕಲಿತ ಹಾಗೆ ಅನಿಸುವುದಿಲ್ಲ.

ಈ ವಾರ ಗುರ್ದಾದ ಪಾಠ. ಕನ್ನಡದಲ್ಲಿ ಅದಕ್ಕೆ ಮೂತ್ರಪಿಂಡ ಎನ್ನುತ್ತಾರೆ. ನಮಗೆ ಕಲಿಸುವ ಖುರ್ಷಿದ ಬೇಗಂ ಅವರು ಮೂರು ಗಾಜಿನ ಕೊಳವೆಗಳಲ್ಲಿ ಮೂವರು ರೋಗಿಗಳ ಮೂತ್ರ ತಂದು ಮೇಜಿನ ಮೇಲಿಟ್ಟರು. ಹುಡುಗಿಯರೆಲ್ಲ ಸೆರಗು ಮೂಗಿಗೆ ಹಿಡಿದೆವು. ಅವರು ಒಂದನ್ನು ದೀಪದ ಉರಿಯ ಮೇಲೆ ಹಿಡಿದರು. ಕುದಿ ಬಂದೊಡನೆ ಅದು ಒಡೆದ ಹಾಲಿನಂತೆ ಬಿಳಿಯಾಯಿತು. ಎರಡು ಹನಿ ಆಸಿಡ್ ಹಾಕಿದರೂ ಆ ಬಿಳುಪು ಹೋಗಲಿಲ್ಲ. "ಈ ಮನಷ್ಯಾನ ಗುರ್ದಾದ ಜರಡಿ ಹರದದ. ಇಟ್ಕೋಬೇಕಾದದ್ದು ಬಿಟ್ಟು ಕೊಡ್ಲಿಕತ್ತದ," ಎಂದರು. ಆಮೇಲೆ ಗಾಜಿನ ಒಂದು ಸಣ್ಣ ತೇಲುಬುರುಡೆಯನ್ನು ಉಳಿದೆರಡರಲ್ಲಿ ಬಿಟ್ಟು ತೋರಿಸಿದರು. ಗುರ್ದಾ ಗಟ್ಟಿಯಿದ್ದರೆ, ನೀರು ಕುಡಿಯದೆ ಮಲಗಿದವನ ಬೆಳಗಿನ ಮೂತ್ರ ದಪ್ಪಗಿರುತ್ತದೆ, ಬುರುಡೆ ಮೇಲೆ ತೇಲುತ್ತದೆ. ದಣಿದ ಗುರ್ದಾಕ್ಕೆ ಆ ಶಕ್ತಿಯಿಲ್ಲ. ನೀರು ಕುಡಿದರೂ ಬಿಟ್ಟರೂ ಅದೇ ತೆಳು ಮೂತ್ರ, ಬುರುಡೆ ಅದೇ ಗೆರೆಯಲ್ಲಿ ನಿಲ್ಲುತ್ತದೆ.

ನಾವು ಮೂಗು ಮುಚ್ಚಿದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. "ಶರಮ್ ಮರೀಜ್ ಕಾ ಹಕ್ ಹೈ, ನರ್ಸ್ ಕಾ ನಹೀ," ಎಂದರು. ನಾಚಿಕೆ ರೋಗಿಯ ಹಕ್ಕು, ನರ್ಸಿನದಲ್ಲ. ಅಂದಿನಿಂದ ನಾನು ಸೆರಗು ಸೊಂಟಕ್ಕೆ ಸಿಗಿಸಿದ್ದೇನೆ.

ಈ ತಿಂಗಳಾದರೂ ಬನ್ನಿ.

ನಿಮ್ಮ ಸೊಸೆ
ವಿಮಲಾ

*

ಖಟಕ ಚಿಂಚೋಳಿ
೧೯ ಆಗಸ್ಟ್ ೧೯೫೬

ಚಿರಂಜೀವಿ ವಿಮಲಾಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಚೆನ್ನಾಗಿ ಕಲಿಯುತ್ತಿದ್ದೀ. ಇಲ್ಲಿ ಹೆಸರು ಕೊಯ್ಲಿಗೆ ಬಂದಿದೆ, ಮಳೆ ಬಿಡುತ್ತಿಲ್ಲ. ಅದಕ್ಕೇ ಬರಲಾಗಲಿಲ್ಲ.

ಊರಲ್ಲಿ ಈಗ ಒಂದೇ ಮಾತು, ನವೆಂಬರದಿಂದ ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವಂತೆ. ನನ್ನ ಶಾಲೆಯೆಲ್ಲ ಉರ್ದುವಿನಲ್ಲಿ ಆಯಿತು. ಕನ್ನಡ ಬರೆಯುವುದನ್ನು ಭಾಲ್ಕಿಯ ಮಠದಲ್ಲಿ ಕೂತು ಕಲಿತೆ. ಈಗ ಕಚೇರಿಯ ಕಾಗದವೂ ಕನ್ನಡದಲ್ಲಿ ಬರುತ್ತದೆ ಎಂದು ಕೇಳಿ ಸಂತೋಷವಾಗಿದೆ. ದರ್ಜಿ ಫಕ್ರೋದ್ದೀನ ಮಾತ್ರ, "ಶಿವರಾಜಪ್ಪಾ, ನನ್ನ ಅರ್ಜಿ ಇನ್ನ ನೀನೇ ಬರೀಬೇಕಲ್ಲೋ," ಎಂದು ದಿನವೂ ಬಂದು ಕೂರುತ್ತಾನೆ.

ನಿನ್ನ ಅತ್ತೆ ಆರಾಮ ಇದ್ದಾಳೆ. ನನ್ನದೇನೂ ವಿಶೇಷವಿಲ್ಲ. ಸಂಜೆಯ ಚಹಾ ಬಿಟ್ಟಿದ್ದೇನೆ, ಮಜ್ಜಿಗೆಯನ್ನೂ ಬಿಟ್ಟಿದ್ದೇನೆ. ಒಳಗೆ ಸೆಖೆ ಎಂದು ಮಂಚ ಹೊರಗೆ ಕೊಟ್ಟಿಗೆಯ ಕಡೆಗೆ ಹಾಕಿಸಿಕೊಂಡಿದ್ದೇನೆ. ಮಠದ ಸೋಮವಾರದ ಅನುಭಾವ ಗೋಷ್ಠಿಗೂ ಈಗ ಹೋಗುತ್ತಿಲ್ಲ. ಅಷ್ಟು ಹೊತ್ತು ಒಂದೇ ಕಡೆ ಕೂರಲು ಬೇಸರ.

ನೌಬಾದದಿಂದ ತಮ್ಮ ಮನ್ಮಥಪ್ಪ ಬಂದಿದ್ದ. "ನಮ್ಮ ಮನಿ ಹೆಣ್ಣಮಗಳು ಪರಗಂಡಸರ ಉಚ್ಚಿ ಪಾತ್ರಿ ಹೊರ್ತಾಳ," ಎಂದು ಮತ್ತೆ ಶುರು ಮಾಡಿದ. ನಾನು ಎದ್ದು ಹೋದೆ.

ಇತಿ
ಶಿವರಾಜಪ್ಪ

*

ಬೀದರ
೨೫ ಆಗಸ್ಟ್ ೧೯೫೬

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಈಗ ಬರೆಯುವುದನ್ನು ಸೊಸೆ ಮಾವನಿಗೆ ಬರೆಯಬಾರದು. ಆದರೂ ಬರೆಯುತ್ತೇನೆ.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸೆಖೆ ಎಲ್ಲಿಯದು? ಬಸ್ಸು, ರೈಲು ಬಿಟ್ಟಿರಿ. ಚಹಾ, ಮಜ್ಜಿಗೆ ಬಿಟ್ಟಿರಿ. ನಲವತ್ತು ವರ್ಷ ತಪ್ಪಿಸದ ಗೋಷ್ಠಿ ಬಿಟ್ಟಿರಿ. ನಿಮ್ಮ ವಯಸ್ಸಿನವರು ನಮ್ಮ ಗಂಡಸರ ವಾರ್ಡಿನಲ್ಲಿ ಈಗಲೂ ನಾಲ್ವರಿದ್ದಾರೆ, ನಾಲ್ವರೂ ಮೊದಲು ಹೀಗೆಯೇ ಒಂದೊಂದನ್ನೇ ಬಿಡುತ್ತ ಬಂದವರು.

ಮೂತ್ರಕ್ಕೆ ಹೋದಾಗ ಬಹಳ ಹೊತ್ತು ಕಾಯಬೇಕಾಗುತ್ತದೆಯೇ? ಧಾರೆ ಸಣ್ಣದಾಗಿದೆಯೇ? ಹೋಗಿ ಬಂದೊಡನೆ ಮತ್ತೆ ಹೋಗಬೇಕೆನಿಸುತ್ತದೆಯೇ? ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತಿದೆಯೇ? ಹೌದಾದರೆ, ಮೂತ್ರ ಹೆಚ್ಚಾಗಿದೆ ಎಂದು ನೀವು ನೀರು ಕಡಿಮೆ ಮಾಡಿದ್ದೀರಿ. ಅದು ತಪ್ಪು. ಗಂಡಸರಿಗೆ ವಯಸ್ಸಾದಂತೆ ಮೂತ್ರಕೋಶದ ಬಾಯಲ್ಲಿರುವ ಒಂದು ಗಂಟು ಬೆಳೆದು ದಾರಿ ಒತ್ತುತ್ತದೆ. ಕೊಡ ಖಾಲಿಯಾಗುವುದೇ ಇಲ್ಲ. ಹೊರಗೆ ಬರುವುದು ತುಳುಕಿದ್ದು ಮಾತ್ರ. ಒಳಗೆ ನಿಂತ ನೀರಿನ ಭಾರ ಹಿಂದಕ್ಕೆ ಗುರ್ದಾದ ಮೇಲೆ ಬೀಳುತ್ತದೆ. ಇದು ವಾಸಿಯಾಗುವ ಕಾಯಿಲೆ, ತಡ ಮಾಡದಿದ್ದರೆ.

ನನ್ನ ಮೇಲೆ ಸಿಟ್ಟು ಬಂದರೆ ಇಲ್ಲಿಗೆ ಬಂದು ಬಯ್ಯಿರಿ.

ವಿಮಲಾ

*

ಖಟಕ ಚಿಂಚೋಳಿ
೨೩ ಸೆಪ್ಟೆಂಬರ್ ೧೯೫೬

ವಿಮಲಾ, ನಾ ನಿನ್ನ ಅತ್ತಿ ಸುಂದರಬಾಯಿ. ನಾ ಹೇಳ್ತೇನಿ, ಕಾಶೀರಾಮ ಮಾಸ್ತರು ಬರೀತಾರ. ನಾ ಹ್ಯಾಂಗ ಅಂತೀನಿ ಹಾಂಗೇ ಬರೀರಿ ಅಂದೀನಿ.

ನಿನ್ನ ಕಾಗದ ಓದಿ ನಿಮ್ಮ ಮಾವ ಮಾರಿ ಕೆಂಪ ಮಾಡ್ಕೊಂಡ್ರು. ಹರದು ಒಲಿಯಾಗ ಹಾಕಿದ್ರು. "ಆಕಿಗಿ ಯಾರೂ ಕಾಗದ ಬರಿಬ್ಯಾಡ್ರಿ," ಅಂದ್ರು. ಏನ ಬರದಿದ್ದಿ ಅಂತ ನನಗ ಹೇಳಲಿಲ್ಲ. ಖರೇ ಅಂದ್ರ ನನಗ ಮೊದಲೇ ಗೊತ್ತಿತ್ತು. ಧೋತರ ನಾನೇ ಒಗೀತೇನಿ, ನನಗ ಗೊತ್ತಾಗಂಗಿಲ್ಲೇನು? ಅವರು ಹೇಳಲಿಲ್ಲ, ನಾ ಕೇಳಲಿಲ್ಲ.

ಈಗ ಕೇಳು. ಎಂಟ ದಿನಾ ಆಯ್ತು, ಊಟ ಸೇರವಲ್ದು. ತಿಂದದ್ದು ವಾಂತಿ ಮಾಡ್ತಾರ. ಬಿಕ್ಕಳಿಕಿ ಹತ್ತಿದ್ರ ನಿಲ್ಲವಲ್ದು. ಹಗಲೆಲ್ಲ ತೂಕಡಿಸ್ತಾರ, ಕರದ್ರ ಒಮ್ಮೊಮ್ಮಿ ನನ್ನ ಹೆಸರೇ ಮರೀತಾರ. ಹೊಟ್ಟಿ ಕೆಳಗ ಕೊಡ ಇಟ್ಟಾಂಗ ಉಬ್ಬೇದ. ನೌಬಾದದಿಂದ ಮನ್ಮಥಪ್ಪ ಬಂದು ಒಬ್ಬ ನಾಟಿ ವೈದ್ಯನ ಕರಕೊಂಡು ಬಂದಾನ. ಅಂವ ಜವಿಗೋಧಿ ನೀರು ಕುಡಸ್ರಿ, ಜೋರಾಗಿ ಬರ್ತದ ಅಂದ. ಕುಡಸಿದ ಮ್ಯಾಲ ಇನ್ನೂ ಒದ್ದಾಡ್ಲಿಕತ್ತಾರ.

ಬರಿಬ್ಯಾಡ್ರಿ ಅಂದವರಿಗಿ ಈಗ ಬ್ಯಾಡ ಅನ್ನೂ ತಾಕತ್ತೂ ಇಲ್ಲ. ಏನ ಮಾಡ್ಲಿ, ಹೇಳು.

ಸುಂದರಬಾಯಿ

*

ಬೀದರ
೨೫ ಸೆಪ್ಟೆಂಬರ್ ೧೯೫೬

ಅತ್ತೆಯವರಿಗೆ.

ಈ ಚೀಟಿ ತರುವವನು ನಮ್ಮ ವಾರ್ಡಿನ ಅಯ್ಯುಬ. ಗಂಡಸರ ವಾರ್ಡಿನಲ್ಲಿ ಇಂಥ ರೋಗಿಗಳನ್ನು ನೋಡಿಕೊಳ್ಳುವವನು ಅವನೇ. ನಮ್ಮ ಸಿಸ್ಟರ್ ಕೇಳಿ ಅವನಿಗೆ ರಜೆ ಕೊಡಿಸಿದ್ದಾರೆ. ಜವಿಗೋಧಿ ನೀರು ನಿಲ್ಲಿಸಿರಿ. ಹೊಟ್ಟೆ ಯಾರೂ ತಿಕ್ಕಬಾರದು, ಒತ್ತಬಾರದು. ಬಂಡಿಯಲ್ಲಿ ಹುಲ್ಲು ದಪ್ಪಗೆ ಹಾಸಿ ಭಾಲ್ಕಿಗೆ ತನ್ನಿರಿ, ಅಲ್ಲಿಂದ ರೈಲು. ಮಾಸ್ತರರೂ ಜೊತೆಗೆ ಬರಲಿ. ಎಮ್ಮೆ ಈಯುವ ದಿನ, ನೀವು ಮನೆಯಲ್ಲಿಯೇ ಇರಿ.

ಮಾವನವರು ಒಲ್ಲೆ ಎಂದರೆ ನನ್ನ ಹೆಸರು ಹೇಳಬೇಡಿ. ಅಯ್ಯುಬ ಮಾತಾಡುತ್ತಾನೆ.

ನಾನಿದ್ದೇನೆ.

ವಿಮಲಾ

*

ಬೀದರ
೧೬ ಅಕ್ಟೋಬರ್ ೧೯೫೬

ಅತ್ತೆಯವರಿಗೆ ಶರಣಾರ್ಥಿಗಳು. ಮಾಸ್ತರರು ಇದನ್ನು ನಿಮಗೆ ನಿಧಾನವಾಗಿ ಓದಿ ಹೇಳಲಿ.

ಮಾವನವರು ಈಗ ಹಾಸಿಗೆಯ ಮೇಲೆ ಎದ್ದು ಕೂರುತ್ತಾರೆ. ಬೆಳಿಗ್ಗೆ ರವೆ ಗಂಜಿ ಉಂಡರು. ನಿಮ್ಮ ಹೆಸರು ನೆನಪಿದೆ, ಎಮ್ಮೆಯ ಹೆಸರೂ ನೆನಪಿದೆ. ಹೆಣ್ಣುಕರು ಹಾಕಿತು ಎಂದು ಕೇಳಿ ನಕ್ಕರು.

ಬಂದ ದಿನ ಹೇಗಿತ್ತು ಎಂದು ಮಾಸ್ತರರು ಪೂರ್ತಿ ಹೇಳಿರಲಿಕ್ಕಿಲ್ಲ. ಸ್ಟ್ರೆಚರ್ ಮೇಲಿಂದ ನನ್ನನ್ನು ಕಂಡವರೇ ಗೋಡೆಯ ಕಡೆ ಹೊರಳಿದರು. ತೊದಲುತ್ತ, "ಅಯ್ಯುಬಾ, ಆಕಿನ್ನ ಹೊರಗ ಕಳಸು," ಎಂದರು. ನಾನು ಹೊರಗೆ ನಿಂತೆ. ಕುದಿಸಿದ ರಬ್ಬರ್ ನಳಿಕೆಯನ್ನು ಡಾಕ್ಟರರು ಹಾಕಿದರು, ಅಯ್ಯುಬ ಕೈ ಹಿಡಿದಿದ್ದ. ಬಾಗಿಲಿನ ಆಚೆಯಿಂದ ಮಾವನವರ ಒಂದು ಉದ್ದನೆಯ ಉಸಿರು ಕೇಳಿಸಿತು. ಆಗ ನನಗೂ ಉಸಿರು ಬಂತು.

ಅಷ್ಟು ತುಂಬಿದ್ದನ್ನು ಒಮ್ಮೆಲೇ ಹರಿಯಬಿಟ್ಟರೆ ಮೂತ್ರದಲ್ಲಿ ರಕ್ತ ಬರಬಹುದು, ಮನುಷ್ಯ ಕುಸಿಯಬಹುದು. ಹಾಗಾಗಿ ನಳಿಕೆಗೆ ಚಿಮಟ ಹಾಕಿ ಸ್ವಲ್ಪ ಸ್ವಲ್ಪವೇ ಬಿಟ್ಟೆವು. ರಕ್ತದಲ್ಲಿ ಯೂರಿಯಾ ಎಂಬ ಕಸ ನಲವತ್ತರ ಒಳಗೆ ಇರಬೇಕು, ಮಾವನವರದು ನೂರಾ ಅರವತ್ತು ಇತ್ತು. ವಾಂತಿ, ಬಿಕ್ಕಳಿಕೆ, ಮರೆವು ಎಲ್ಲ ಅದರಿಂದಲೇ. ನಳಿಕೆ ಹಾಕಿದ ಮೇಲೆ ಗುರ್ದಾ ಕಟ್ಟೆ ಒಡೆದ ಹಾಗೆ ಸುರಿಯತೊಡಗಿತು, ಬಾಟಲಿಯ ಮೇಲೆ ಬಾಟಲಿ. ಎಷ್ಟು ಹೊರಗೆ ಹೋಯಿತೆಂದು ಅಳೆದು, ಅದಕ್ಕೆ ತಕ್ಕ ನೀರು ಉಪ್ಪು ಒಳಗೆ ಕೊಡುವುದೇ ನಮ್ಮ ಕೆಲಸವಾಯಿತು.

ಮರುದಿನ ಕಣ್ಣು ಬಿಟ್ಟು ನನ್ನ ಕಡೆ ನೋಡದೆ ಹೇಳಿದರು: "ಬ್ಯಾಸಗಿ ಆದ ಮ್ಯಾಲ ಇದೇ ಮೊದಲ ಸಲ ನಿದ್ದಿ ಹತ್ತಿತು." ನಾನು, "ಹೌದ್ರೀ," ಎಂದೆ. ಅಷ್ಟೇ.

ಈಗ ಒಂದು ಕಠಿಣ ಮಾತು. ಸರ್ಜನ್ ಸಾಹೇಬರು ಹೈದರಾಬಾದ ಕಡೆಯವರು. ರಾಜ್ಯ ಬೇರೆಯಾಗುತ್ತದೆಂದು ತಿಂಗಳ ಕೊನೆಗೆ ಹೊರಟು ಹೋಗುತ್ತಾರೆ. ಮೈಸೂರು ಕಡೆಯಿಂದ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಯಾರಿಗೂ ಗೊತ್ತಿಲ್ಲ. ನೌಬಾದದ ಚಿಕ್ಕಮಾವನವರು ವಾರ್ಡಿನಲ್ಲಿಯೇ ನಿಂತು, "ಸಾಹೇಬರು ಹೋಗೂದರೊಳಗ ಗಂಟು ತೆಗಿಸಿ ಮುಗಸ್ರಿ. ಆಮ್ಯಾಲ ಯಾರ ಕಾಲು ಹಿಡೀಬೇಕು?" ಎಂದರು. ಅವರ ಮಾತಿನಲ್ಲೂ ಅರ್ಥವಿತ್ತು.

ಯೂರಿಯಾ ತೊಂಬತ್ತಕ್ಕೆ ಇಳಿದು ಅಲ್ಲಿಯೇ ನಿಂತಿತ್ತು. ಸಾಹೇಬರು ಇನ್ನೊಂದು ಪರೀಕ್ಷೆ ಮಾಡಿಸಿದರು. ತೋಳಿನ ರಕ್ತನಾಳಕ್ಕೆ ಬಣ್ಣದ ಮದ್ದು ಚುಚ್ಚಿ, ಅದು ಮೂತ್ರದಲ್ಲಿ ಎಷ್ಟು ಬೇಗ ಬರುತ್ತದೆ ಎಂದು ನೋಡುವುದು. ಗುರ್ದಾ ಚುರುಕಾಗಿದ್ದರೆ ಬಣ್ಣ ಬೇಗ ಬರುತ್ತದೆ. ಮಾವನವರದು ತಡವಾಗಿ, ಪೇಲವವಾಗಿ ಬಂತು. ತೇಲುಬುರುಡೆಯೂ ಬೆಳಿಗ್ಗೆ ಸಂಜೆ ಒಂದೇ ಗೆರೆಯಲ್ಲಿ.

ಸಾಹೇಬರು ಮಾವನವರ ಮಂಚದ ಮೇಲೇ ಕೂತು ಹೇಳಿದರು: "ದೊಡ್ಡ ಆಪರೇಶನ್ ಇವತ್ತೂ ಮಾಡ್ತೀನಿ. ಗುರ್ದಾ ತಡಕೊಳ್ತಾವ ಅಂತ ಹೇಳಂಗಿಲ್ಲ. ಇಲ್ಲಾಂದ್ರ ಹೊಟ್ಟಿ ಕೆಳಗ ಸಣ್ಣ ತೂತು ಮಾಡಿ ನಳಿಗಿ ಇಡ್ತೀನಿ. ಎರಡು ಮೂರು ತಿಂಗಳು ಗುರ್ದಾಕ್ಕ ಆರಾಮ ಸಿಗ್ತದ. ಗಂಟು ಆಮ್ಯಾಲ ತೆಗೀಬಹುದು, ಯಾರಾದ್ರೂ ತೆಗೀತಾರ."

ಮಾವನವರು ಎಲ್ಲರನ್ನೂ ನೋಡಿದರು. ಕೊನೆಗೆ, ಬಂದ ಮೇಲೆ ಮೊದಲ ಸಲ, ನನ್ನ ಮುಖ ನೋಡಿದರು. "ನೀ ಏನಂತಿ?"

"ಗುರ್ದಾ ದಣದಾವ್ರೀ. ಅವಕ್ಕ ಟೈಮ್ ಕೊಡ್ರಿ. ಡಾಕ್ಟರ್ ಯಾರರೆ ಬಂದೇ ಬರ್ತಾರ. ಗುರ್ದಾ ಹೋದ್ರ ಬ್ಯಾರೆ ಸಿಗಂಗಿಲ್ರಿ," ಎಂದೆ.

"ನಳಿಗಿ ಇಡ್ರಿ, ಸಾಹೇಬರ," ಎಂದರು ಮಾವನವರು. ಚಿಕ್ಕಮಾವನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಆ ಜಾಗ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಳೆ ನಳಿಕೆ ಇಡುತ್ತಾರೆ. ನೀವು ಹೆದರಬೇಡಿ. ನಾನು ಹೆದರಿಲ್ಲ.

ವಿಮಲಾ

*

ಬೀದರ
೪ ನವೆಂಬರ್ ೧೯೫೬

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ದೀಪಾವಳಿಗೆ ಮನೆ ಮುಟ್ಟಿದಿರಿ ಎಂದು ಮಾಸ್ತರರು ತಿಳಿಸಿದರು. ಇಲ್ಲಿ ಒಂದನೆಯ ತಾರೀಖು ಕೋಟೆಯ ಕಡೆ ವಾದ್ಯ ಬಾರಿಸಿದರು, ವಾರ್ಡಿನಲ್ಲಿ ಎಲ್ಲರಿಗೂ ಬುಂದಿ ಲಾಡು ಹಂಚಿದರು. ಖುರ್ಷಿದ ಬೇಗಂ ಅವರ ಅಕ್ಕ ತಂಗಿಯರೆಲ್ಲ ಹೈದರಾಬಾದಿನಲ್ಲಿದ್ದಾರೆ, ಆದರೂ ಅವರು ಇಲ್ಲಿಯೇ ಉಳಿದಿದ್ದಾರೆ. "ಗುರ್ದಾಕ್ಕ ಕನ್ನಡದಾಗ ಏನಂತಾರ, ಬರದು ಕೊಡು," ಎಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಿದ್ದಾರೆ. ನಾನು ಅವರಿಗೆ ಅಕ್ಷರ ಹೇಳಿಕೊಡುತ್ತೇನೆ, ಅವರು ನನಗೆ ಉಳಿದದ್ದೆಲ್ಲ.

ಬಾಟಲಿ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು. ಕುದಿಸಿ ಆರಿಸಿದ ನೀರಿನಿಂದ ನಳಿಕೆಯ ಸುತ್ತ ಅತ್ತೆಯವರೇ ಒರೆಸಲಿ, ಕೈಗೆ ಸಾಬೂನು ಹಚ್ಚಿದ ಮೇಲೆ. ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ. ಚಳಿಜ್ವರ ಬಂದರೆ, ಮೂತ್ರ ಕದಡಿ ನಾತ ಬಂದರೆ, ಇಲ್ಲವೇ ಬಾಟಲಿಗೆ ಏನೂ ಇಳಿಯದಿದ್ದರೆ ಕಾಯಬೇಡಿ.

ವಿಮಲಾ

*

ಖಟಕ ಚಿಂಚೋಳಿ
೨೦ ನವೆಂಬರ್ ೧೯೫೬

ಚಿರಂಜೀವಿ ವಿಮಲಾಗೆ ಆಶೀರ್ವಾದ.

ಹಸಿವು ಬಂದಿದೆ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಕೊಂಡು ಉಣ್ಣುತ್ತೇನೆ.

ಮೊನ್ನೆ ಒಂದು ಗಡಿಬಿಡಿಯಾಯಿತು. ಮುಂಜಾನೆಯಿಂದ ಬಾಟಲಿಗೆ ಹನಿ ಇಳಿಯಲಿಲ್ಲ, ಹೊಟ್ಟೆ ಬಿಗಿಯಿತು. ಬಂಡಿ ಹೊಡೆಯುವ ಪಂಢರಿಗೆ ಎತ್ತು ಹೂಡಲು ಹೇಳಿ ಕಳಿಸಿದೆ. ನಿನ್ನ ಅತ್ತೆ ಮಾತ್ರ, "ಒಂಚೂರ ನಿಲ್ರಿ," ಎಂದು ನಳಿಕೆಯನ್ನು ಬಾಟಲಿಯಿಂದ ಮೇಲಕ್ಕೆ ಬೆರಳಾಡಿಸುತ್ತ ಬಂದಳು. ಉಡದಾರದ ಕೆಳಗೆ ಅದು ಮಡಚಿ ಕೂತಿತ್ತು. ದಾರ ಸಡಿಲಿಸಿದೊಡನೆ ಝಳಝಳ ಇಳಿಯಿತು. ಪಂಢರಿ ಎತ್ತು ಬಿಚ್ಚಿ ಮನೆಗೆ ಹೋದ. ನಿನ್ನ ಅತ್ತೆ ಅವತ್ತಿನಿಂದ ಊರಿನ ಅರ್ಧ ಡಾಕ್ಟರಾಗಿದ್ದಾಳೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಎರಡು ದಿನ ಕಾಗದ ಹಾಗೆಯೇ ಇಟ್ಟಿದ್ದೆ. ಮನೆಗೆ ಬಂದ ಮೇಲೆ ನಾನು ಲಿಂಗಪೂಜೆ ಮಾಡಿಲ್ಲ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ಮೂತ್ರದ ಬಾಟಲಿ. ಅಂಗೈಯಲ್ಲಿ ಇಷ್ಟಲಿಂಗ ಹಿಡಿಯಲು ಹೋದರೆ ಕೈ ಹಿಂದೆ ಸರಿಯುತ್ತದೆ. ಎದ್ದು ಸ್ನಾನ ಮಾಡುತ್ತೇನೆ, ವಿಭೂತಿ ಹಚ್ಚುತ್ತೇನೆ, ಸುಮ್ಮನೆ ಕೂತು ಏಳುತ್ತೇನೆ. ಯಾರಿಗೂ ಹೇಳಿಲ್ಲ.

ಶಿವರಾಜಪ್ಪ

*

ಬೀದರ
೨೬ ನವೆಂಬರ್ ೧೯೫೬

ಪೂಜ್ಯ ಮಾವನವರಿಗೆ ಶರಣಾರ್ಥಿಗಳು.

ನಾನು ತರಬೇತಿಗೆ ಹೊರಟ ಹಿಂದಿನ ದಿನ ನಮ್ಮ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂಡಿದ್ದರು. ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ. "ಹಡದವರ ರಕ್ತ, ಹೆಣ, ಉಚ್ಚಿ ಮುಟ್ಟಿದ ಕೈಲೆ ಈಕಿ ಲಿಂಗ ಹ್ಯಾಂಗ ಮುಟ್ತಾಳ?" ಎಂದು ಚಿಕ್ಕಮಾವನವರು ಕೇಳಿದರು. ನೀವು ದನಿ ಎತ್ತಲಿಲ್ಲ. "ಮೈಮ್ಯಾಲ ಲಿಂಗ ಇದ್ದವರಿಗಿ ಸೂತಕ ಇಲ್ಲ. ಇದನ್ನ ಒಪ್ಪಿದವರು ನನ್ನ ಮನ್ಯಾಗ ಊಟಾ ಮಾಡ್ರಿ, ಒಪ್ಪದವರು ಎದ್ದು ಹೋಗ್ರಿ," ಎಂದಿರಿ. ಇಬ್ಬರು ಎದ್ದು ಹೋದರು.

ಆ ಮಾತು ನನಗೊಬ್ಬಳಿಗೇ ಹೇಳಿದ್ದೇ, ಮಾವನವರೇ? ನಾನು ದಿನವೂ ಇಪ್ಪತ್ತು ಜನರ ಬಾಟಲಿ ತೊಳೆದು, ಕೈ ತೊಳೆದು, ಲಿಂಗ ಹಿಡಿಯುತ್ತೇನೆ. ನನ್ನ ಕೈ ಹಿಂದೆ ಸರಿಯುವುದಿಲ್ಲ.

ಮಾಸ್ತರರು ತಂದ ಎರಡೂ ಸೀಸೆಗಳ ಪರೀಕ್ಷೆಯಾಯಿತು. ಬೆಳಗಿನ ಮೂತ್ರ ಸಂಜೆಯದಕ್ಕಿಂತ ದಪ್ಪಗಿತ್ತು, ಬುರುಡೆ ಗೆರೆ ದಾಟಿ ಮೇಲೆ ಬಂದಿತ್ತು. ನಿಮ್ಮ ಗುರ್ದಾ ಎಚ್ಚರಗೊಂಡಿವೆ.

ವಿಮಲಾ

*

ಬೀದರ
೨೨ ಜನವರಿ ೧೯೫೭

ಅತ್ತೆಯವರಿಗೆ ಶರಣಾರ್ಥಿಗಳು.

ಗಂಟು ತೆಗೆದರು. ಮಾವನವರು ಗಟ್ಟಿಯಿದ್ದಾರೆ. ಆಪರೇಶನ್ನಿಗೆ ಮೊದಲು ಯೂರಿಯಾ ನಲವತ್ತೆರಡು. ಬಣ್ಣದ ಮದ್ದು ಈ ಸಲ ಬೇಗ, ಗಾಢವಾಗಿ ಬಂತು. ಹೊಸ ಸರ್ಜನರು ಆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಧೈರ್ಯವಾಗಿ ಮಾಡಬಹುದು ಎಂದರು.

ಇವರು ಮೈಸೂರಿನವರು. ಮಾತು ನಯ. ನಳಿಕೆ ತೆಗೆದ ಬೆಳಿಗ್ಗೆ ಮಂಚದ ಹತ್ತಿರ ಬಂದು, "ಯಜಮಾನರೇ, ವಿಸರ್ಜನೆ ಆಯ್ತೇ?" ಎಂದು ಕೇಳಿದರು. ಮಾವನವರು ತಬ್ಬಿಬ್ಬಾಗಿ, "ಅದು ಭಾದ್ರಪದದಾಗೇ ಆಯ್ತಲ್ರೀ, ಸಾಹೇಬರ. ಗಣಪತಿ ಕಳಿಸಿ ಭಾಳ ದಿನಾ ಆಯ್ತು," ಎಂದರು. ಇಡೀ ವಾರ್ಡು ನಕ್ಕಿತು. ಅಯ್ಯುಬ ಗೋಡೆಗೆ ಒರಗಿ ನಕ್ಕ. ಅರ್ಥವಾದ ಮೇಲೆ ಮಾವನವರೂ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕು, "ಆಯ್ತ್ರೀ, ಛಲೋ ಆಯ್ತು. ಹರೇದ ಹುಡುಗನಂಗ ಆಯ್ತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಪಕ್ಕದಲ್ಲಿಯೇ ಇದ್ದೆ. ಹೊರಗೆ ಕಳಿಸಲಿಲ್ಲ.

ವಿಮಲಾ

*

ಖಟಕ ಚಿಂಚೋಳಿ
೧೨ ಮಾರ್ಚ್ ೧೯೫೭

ಚಿರಂಜೀವಿ ವಿಮಲಾಗೆ ಆಶೀರ್ವಾದ.

ಪರೀಕ್ಷೆ ಮುಗಿದ ಮೇಲೆ ಔರಾದದ ದವಾಖಾನೆಗೆ ಹೋಗುತ್ತೀಯಾ ಎಂದು ಕೇಳಿದ್ದಾರೆಂದು ಬರೆದಿದ್ದೀ. ಹೋಗು. ಅಲ್ಲಿಗೆ ರೈಲಿಲ್ಲ, ಬಸ್ಸೂ ನೆಚ್ಚುವ ಹಾಗಿಲ್ಲ. ಅಂಥ ಕಡೆಗೇ ನರ್ಸ್ ಬೇಕು. ನಿನ್ನನ್ನು ನೋಡಲು ಬರುವಾಗ ಬಸ್ಸಿನಲ್ಲಿ ಅಷ್ಟು ಹೊತ್ತು ಕೂರುವುದು ಈಗ ನನಗೆ ಭಾರವಲ್ಲ. ಮನ್ಮಥಪ್ಪ ಇನ್ನೂ ಮಾತಾಡುವುದಿಲ್ಲ. ಇರಲಿ ಬಿಡು.

ಸೋಮವಾರದ ಗೋಷ್ಠಿಗೆ ಹೋಗಿದ್ದೆ. ಕೊನೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ, ಧಾರೆ ಸಣ್ಣದಾದದ್ದರಿಂದ ಹಿಡಿದು ಹೊಟ್ಟೆಯ ನಳಿಕೆಯವರೆಗೆ. ಅರವತ್ತು ದಾಟಿದವರೆಲ್ಲ ನೆಲ ನೋಡುತ್ತ ಕೂತಿದ್ದರು. ಸ್ವಾಮಿಗಳು ಎರಡು ಸಲ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ. ಹೊರಗೆ ಬಂದ ಮೇಲೆ ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಕೇಳತೊಡಗಿದರು. ಒಬ್ಬರಿಗೆ ತಮ್ಮ ಬೀಗರ ಸಲುವಾಗಿ ತಿಳಿಯಬೇಕಿತ್ತು, ಇನ್ನೊಬ್ಬರಿಗೆ ಬೇರೆ ಊರಿನ ಗೆಳೆಯನ ಸಲುವಾಗಿ.

ನಿನ್ನೆ ಫಕ್ರೋದ್ದೀನನೂ ಬಂದ. ತನ್ನ ಮಾವನಿಗೆ ಹೀಗೀಗೆ ಆಗಿದೆ ಎಂದ.

"ನಿಮ್ಮ ಮಾವ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲೋ," ಎಂದೆ.

ಸೂಜಿ ಹಿಡಿದು ಹಿಡಿದು ಸವೆದ ಬೆರಳುಗಳನ್ನು ನೋಡಿಕೊಂಡ. ಆಮೇಲೆ, "ಯಾವಾಗ ಹೋಗೂದು?" ಎಂದ.

ಗುರುವಾರ ಬೆಳಗಿನ ರೈಲಿಗೆ ಇಬ್ಬರೂ ಬರುತ್ತೇವೆ. ನಾಚಿಕೆಯಾದರೆ ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಹೇಳಿದೆ. "ನೀ ನಿಂತ್ರ ನನಗ ಇನ್ನೂ ನಾಚಿಕಿ ಬರ್ತದ," ಎಂದ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ ಮಾವ
ಶಿವರಾಜಪ್ಪ